ಕೊಣಾಜೆಯೋ, ತಲಪಾಡಿಯಾಚೆಯ ಪೆರಿಯವೋ?

ನಮ್ಮ ದೊಡ್ಡ ಮಗಳು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದಳು. ಸಣ್ಣವಳು ಅದೇ ವಿಷಯವನ್ನು ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಓದಿದಳು. ಎರಡೂ ಸರಕಾರಿ ಸಂಸ್ಥೆಗಳು. ಒಂದು ನಮ್ಮ ರಾಜ್ಯದ್ದು, ಇನ್ನೊಂದು ಹೊರ ರಾಜ್ಯದ್ದು. ಎರಡನ್ನೂ ಮನೆಯ ಖರ್ಚಿನ ಪುಸ್ತಕದಲ್ಲಿ ಬರೆದಿಟ್ಟ ತಂದೆಯಾಗಿ ಹೇಳುವುದಾದರೆ ನನ್ನ ಒಲವು ಪೆರಿಯದ ಕಡೆಗೇ ಇದೆ, ಮತ್ತು ಮುಂದೆ ಬರೆಯುವುದನ್ನೆಲ್ಲ ಆ ಒಲವಿನೊಂದಿಗೇ ಓದಿಕೊಳ್ಳಬೇಕು.

‘ಹೊರ ರಾಜ್ಯ’ ಎಂಬ ಮಾತು ನಮ್ಮ ಕರಾವಳಿಯಲ್ಲಿ ಅನಾವಶ್ಯಕ ಅಂಜಿಕೆಯನ್ನು ಹುಟ್ಟಿಸುತ್ತದೆ. 2009ರ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಕಾಯಿದೆಯ ಅಡಿಯಲ್ಲಿ ಕರ್ನಾಟಕಕ್ಕೆ ಒಂದು, ಕೇರಳಕ್ಕೆ ಒಂದು ವಿಶ್ವವಿದ್ಯಾನಿಲಯ ಬಂದವು. ನಮ್ಮ ರಾಜ್ಯದ್ದು ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿದೆ. ಕಾಪುವಿನಲ್ಲಿರುವ ನಮ್ಮ ಮನೆಯಿಂದ ಅಲ್ಲಿಗೆ ಒಂದು ರಾತ್ರಿಯ ಬಸ್ಸಿನಲ್ಲಿ ಮುಗಿಯದಷ್ಟು ದೂರ. ಕೇರಳದ್ದಾದರೋ ಮಂಗಳೂರಿನಿಂದ ಎಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ, ಅದೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ನೆಲದಲ್ಲಿ. ಭೂಪಟದಲ್ಲಿ ಎಳೆದ ಗೆರೆಯನ್ನು ನಂಬಿದ್ದರೆ ಹತ್ತಿರದ್ದನ್ನು ಬಿಟ್ಟು ದೂರದ್ದನ್ನೇ ಆರಿಸಿಕೊಳ್ಳಬೇಕಾಗಿತ್ತು. ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಶುಲ್ಕವೂ ಯಾವ ರಾಜ್ಯದ ವಿದ್ಯಾರ್ಥಿ ಎಂಬುದನ್ನು ನೋಡಿ ಬದಲಾಗುವುದಿಲ್ಲ. ಬೇರೆ ರಾಜ್ಯ ಸರಕಾರದ ವಿಶ್ವವಿದ್ಯಾನಿಲಯಕ್ಕೆ ಹೋಗುವವರು ಮಾತ್ರ ಹೊರಗಿನವರಿಗೆ ಬೇರೆ ಶುಲ್ಕ, ಬೇರೆ ಸೀಟು ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಮಂಗಳೂರು ಪೇಟೆಯಲ್ಲೋ ತೊಕ್ಕೊಟ್ಟಿನಲ್ಲೋ ಮನೆಯಿರುವವರಿಗೆ ಈ ಹೋಲಿಕೆಯೇ ಬೇಡ. ಬೆಳಗ್ಗೆ ಬಸ್ಸು ಹತ್ತಿ ಕೊಣಾಜೆಗೆ ಹೋಗಿ ಸಂಜೆ ಮನೆಯ ಊಟಕ್ಕೆ ಬರಬಹುದು. ಉಡುಪಿ ಕಡೆಯವರ ಲೆಕ್ಕ ಬೇರೆ. ಕಾಪುವಿನಿಂದ ಕೊಣಾಜೆಗೆ ದಿನವೂ ಹೋಗಿ ಬರುವುದು ಆಗದ ಮಾತಾದ್ದರಿಂದ ದೊಡ್ಡವಳೂ ಹೊರಗೇ ಉಳಿಯಬೇಕಾಯಿತು. ಕೊನೆಯ ವರ್ಷ ಅವಳು ದೇರಳಕಟ್ಟೆಯಲ್ಲಿ ಪಿ.ಜಿ. (ಪೇಯಿಂಗ್ ಗೆಸ್ಟ್) ಕೋಣೆ ಹಿಡಿದಳು. ಅಲ್ಲಿ ವೈದ್ಯಕೀಯ ಕಾಲೇಜುಗಳ ಮಕ್ಕಳನ್ನು ನೋಡಿಯೇ ಬಾಡಿಗೆ ನಿಗದಿಯಾಗುತ್ತದೆ, ಎಂ.ಎಸ್ಸಿ. ಓದುವವರನ್ನು ನೋಡಿ ಅಲ್ಲ. ಹೇಗೂ ಹಾಸ್ಟೆಲ್ ಖರ್ಚು ತಪ್ಪದಿದ್ದ ಮೇಲೆ, ಸ್ವಂತ ರಾಜ್ಯದಲ್ಲಿ ಓದಿದರೆ ಉಳಿತಾಯವೆಂಬ ವಾದದಲ್ಲಿ ನಮ್ಮ ಮಟ್ಟಿಗೆ ಹುರುಳಿರಲಿಲ್ಲ.

ಪೆರಿಯದ ದಾರಿಯಲ್ಲಿ ನಿಜವಾಗಿ ಕಾಡಿದ್ದು ಮಲಯಾಳವೂ ಅಲ್ಲ, ದೂರವೂ ಅಲ್ಲ, ಜಾತಿ ಪ್ರಮಾಣಪತ್ರ. ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಪ್ರವೇಶದ ಬಗ್ಗೆ ಸಲಹೆ ಕೊಟ್ಟವರೆಲ್ಲ ಪರೀಕ್ಷೆಯ ತಯಾರಿಯನ್ನು ವಿವರಿಸಿದರೇ ಹೊರತು ಈ ಕಾಗದದ ಸುದ್ದಿಯನ್ನು ಎತ್ತಲಿಲ್ಲ. ಪಿಯುಸಿಯಿಂದ ಪದವಿಯವರೆಗೆ ನಮ್ಮ ಮಕ್ಕಳು ಎಲ್ಲ ಕಡೆಯೂ ಕೊಟ್ಟದ್ದು ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು. ಅದರಲ್ಲಿ ‘ಪ್ರವರ್ಗ 2ಎ’ ಎಂದು ಬರೆದಿರುತ್ತದೆ, ಆರ್‌ಡಿ ಸಂಖ್ಯೆ ಇರುತ್ತದೆ, ಐದು ವರ್ಷ ಸಿಂಧುವಾಗಿರುತ್ತದೆ. ಆದರೆ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ಈ ವಿಂಗಡಣೆ ಕರ್ನಾಟಕದ್ದು. ಕೇಂದ್ರಕ್ಕೆ ಅದರ ಗುರುತಿಲ್ಲ. ಕೇಂದ್ರೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗಿರುವ ಶೇ. 27ರ ಮೀಸಲಾತಿ ಬೇಕಿದ್ದರೆ, ಸಮುದಾಯದ ಹೆಸರು ಕರ್ನಾಟಕಕ್ಕೆ ಸಂಬಂಧಿಸಿದ ಕೇಂದ್ರದ ಪಟ್ಟಿಯಲ್ಲಿ ಇರಬೇಕು, ಮತ್ತು ಕೆನೆಪದರಕ್ಕೆ, ಅಂದರೆ ಹಿಂದುಳಿದ ವರ್ಗದೊಳಗೇ ಅನುಕೂಲಸ್ಥರೆಂದು ಮೀಸಲಾತಿಯಿಂದ ಹೊರಗಿಟ್ಟವರ ಗುಂಪಿಗೆ, ಸೇರಿಲ್ಲವೆಂದು ಕೇಂದ್ರದ ನಮೂನೆಯಲ್ಲಿಯೇ ತಹಶೀಲ್ದಾರರ ಪ್ರಮಾಣಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ನಮ್ಮದು ಇತ್ತು.

ಅಲ್ಲಿಗೆ ಮುಗಿಯಲಿಲ್ಲ. ಆ ನಮೂನೆಯಲ್ಲಿ ಸಮುದಾಯದ ಹೆಸರಿನ ಜೊತೆಗೆ, ಅದು ಯಾವ ರಾಜಪತ್ರದ ಯಾವ ನಿರ್ಣಯದ ಪ್ರಕಾರ ಪಟ್ಟಿಗೆ ಸೇರಿದೆ ಎಂಬ ಸಂಖ್ಯೆ ಮತ್ತು ದಿನಾಂಕ ಬೇಕಾಗುತ್ತದೆ. ಶಾಲೆಯ ಟಿ.ಸಿ.ಯಲ್ಲಿ ಒಂದು ಕಾಗುಣಿತ, ಪಟ್ಟಿಯಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಅದನ್ನೂ ಸರಿಪಡಿಸಿಕೊಳ್ಳಬೇಕು. ನಾವು ಹೋದ ಕಚೇರಿ ಯಾವುದೆಂದು ಬರೆಯುವುದಿಲ್ಲ. ಅಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದವರು ‘ಒಬಿಸಿ’ ಎಂದು ಕೇಳಿದೊಡನೆ ಅಭ್ಯಾಸಬಲದಿಂದ ರಾಜ್ಯದ ನಮೂನೆಯನ್ನೇ ತೆರೆದು ತುಂಬಿಸಿದರು. ಮುದ್ರಿಸಿ ಕೈಗೆ ಬಂದ ಕಾಗದದಲ್ಲಿ ಮತ್ತೆ ಅದೇ 2ಎ ಇತ್ತು. ಹೊಸದಾಗಿ ಅರ್ಜಿ ಹಾಕಿದರೆ ಸರ್ವರ್ ಇಲ್ಲ. ಸರ್ವರ್ ಬಂದ ದಿನ ಸಹಿ ಮಾಡಬೇಕಾದವರು ಕಚೇರಿಯಲ್ಲಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ತಾರೀಕು. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪ್ರವೇಶ ಪರೀಕ್ಷೆಯಾದ ಸ್ನಾತಕೋತ್ತರ ಸಿಯುಇಟಿಗೆ ಅರ್ಜಿ ಹಾಕುವುದು ಚಳಿಗಾಲದಲ್ಲಿ, ಪರೀಕ್ಷೆ ಬರೆಯುವುದು ಮಾರ್ಚ್ ಹೊತ್ತಿಗೆ, ಕೌನ್ಸೆಲಿಂಗ್ ನಡೆಯುವುದು ಅದರ ಮೇಲೆ. ಕೆನೆಪದರದ ಪ್ರಮಾಣಪತ್ರವನ್ನು ಆರ್ಥಿಕ ವರ್ಷದ ಲೆಕ್ಕದಲ್ಲಿ ನೋಡುವುದರಿಂದ, ಅರ್ಜಿಯ ಸಮಯದಲ್ಲಿ ಓಡಾಡಿ ಮಾಡಿಸಿಕೊಂಡ ಪತ್ರ ಮಾರ್ಚ್ 31ಕ್ಕೆ ಹಳೆಯದಾಗಿಬಿಡುತ್ತದೆ. ಪ್ರವೇಶದ ಹೊತ್ತಿಗೆ ಏಪ್ರಿಲ್ 1ರ ಅನಂತರದ ದಿನಾಂಕವಿರುವ ಇನ್ನೊಂದು ಪತ್ರ ಬೇಕು. ಐದು ವರ್ಷದ ಸಿಂಧುತ್ವಕ್ಕೆ ಒಗ್ಗಿಹೋದ ನಮ್ಮಂಥವರಿಗೆ ಇದು ಹೊಳೆಯುವುದೇ ಇಲ್ಲ. ಆದಾಯದ ವಿಷಯದಲ್ಲಿ ಮಾತ್ರ ಒಂದು ಸಮಾಧಾನವಿದೆ. ಮಿತಿ 8 ಲಕ್ಷ ರೂಪಾಯಿ. ಅದನ್ನು ಲೆಕ್ಕ ಹಾಕುವಾಗ ಸಂಬಳವನ್ನೂ ಕೃಷಿಯ ಆದಾಯವನ್ನೂ ಸೇರಿಸುವುದಿಲ್ಲ. ತೆಂಗು, ಅಡಿಕೆ ಇರುವ ನಮ್ಮ ಕಡೆಯ ಮನೆಗಳಿಗೆ ಇದು ದೊಡ್ಡ ವ್ಯತ್ಯಾಸ. ಆದರೆ ತಂದೆ ತಾಯಿಯರು ಸರಕಾರಿ ಹುದ್ದೆಯಲ್ಲಿದ್ದರೆ ಸಂಬಳಕ್ಕಿಂತ ಹುದ್ದೆಯ ದರ್ಜೆಯೇ ಮುಖ್ಯವಾಗುತ್ತದೆ. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವನಾದ್ದರಿಂದ ನಮಗೆ ಆ ತೊಡಕು ಬರಲಿಲ್ಲ. ಕೊನೆಗೆ ಸಣ್ಣವಳ ಪತ್ರ ಬಂದದ್ದು ದಾಖಲೆಗಳನ್ನು ಏರಿಸುವ ಗಡುವಿಗೆ ತೀರ ಸಮೀಪದಲ್ಲಿ.

ಕೊಣಾಜೆಯ ಪ್ರವೇಶಕ್ಕೆ ಇದ್ಯಾವುದೂ ಬೇಕಾಗಿರಲಿಲ್ಲ. ದೊಡ್ಡವಳು ಅದೇ ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಕಾಲೇಜಿನಲ್ಲಿ ಪದವಿ ಮಾಡಿದ್ದರಿಂದ ಮೈಗ್ರೇಶನ್ ಪತ್ರವೂ ಬೇಡವಾಯಿತು. ಕಾಗದಪತ್ರಗಳ ಸುಲಭದಲ್ಲಿ ಕೊಣಾಜೆಗೆ ಸರಿಸಾಟಿಯಿಲ್ಲ.

ಓಡಾಟದಲ್ಲಿ ನನಗೆ ಪೆರಿಯವೇ ಸಲೀಸಾಗಿ ಕಂಡಿತು ಎಂದರೆ ಮಂಗಳೂರಿನವರು ನಗಬಹುದು. ಉಡುಪಿ ಕಡೆಯವರು ಒಮ್ಮೆ ಯೋಚಿಸಿ ನೋಡಲಿ. ಕೊಣಾಜೆಯಿಂದ ವಾರಾಂತ್ಯಕ್ಕೆ ಮನೆಗೆ ಬರಬೇಕಾದರೆ ಬಸ್ಸು ಬದಲಿಸುತ್ತ, ಪಂಪ್‌ವೆಲ್‌ನ ವಾಹನದಟ್ಟಣೆಯನ್ನು ದಾಟಿ, ಚೀಲ ಹೊತ್ತು ನಿಂತುಕೊಂಡೇ ಬರುವುದಾಗುತ್ತಿತ್ತು. ಕಾಸರಗೋಡಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್‌ನಂಥ ಕೊಂಕಣ ಮಾರ್ಗದ ರೈಲು ಹತ್ತಿದರೆ ಮಂಗಳೂರು ಜಂಕ್ಷನ್ ದಾಟಿ ನೇರವಾಗಿ ಉಡುಪಿಯಲ್ಲಿ ಇಳಿಯಬಹುದು. ಸಣ್ಣವಳಿಗೆ ರೈಲಿನಲ್ಲಿ ಓದುವ ಅಭ್ಯಾಸವಿದೆ, ಬಸ್ಸಿನಲ್ಲಿ ತಲೆಸುತ್ತು. ನಮ್ಮ ತೀರ್ಮಾನದಲ್ಲಿ ಇದಕ್ಕೂ ಪಾಲಿದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅಂತರರಾಜ್ಯ ಬಸ್ಸಿಗೆ ಇಲ್ಲ, ಆದರೆ ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಜಿಲ್ಲೆಗಳಲ್ಲಿ ಅದರಿಂದ ದೊಡ್ಡವಳಿಗೂ ಹೇಳಿಕೊಳ್ಳುವಂಥ ಲಾಭವಾಗುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯ ಗಡಿಯನ್ನೇ ಮುಚ್ಚಿದ್ದರು ಎಂಬುದನ್ನು ನನ್ನ ಹೆಂಡತಿ ಇಂದಿಗೂ ನೆನಪಿಸುತ್ತಾಳೆ; ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಊಟದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ: ಗಡಿಯಾಚೆಯೂ ಕುಚ್ಚಲಕ್ಕಿಯೇ. ಪಾಠ ಎರಡೂ ಕಡೆ ಇಂಗ್ಲಿಷಿನಲ್ಲಿ.

ಜೊತೆಗಾರರ ವಿಷಯದಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಕೊಣಾಜೆಯಲ್ಲಿ ದೊಡ್ಡವಳ ಗೆಳತಿಯರೆಲ್ಲ ಪುತ್ತೂರು, ಕಾರ್ಕಳ, ಕುಂದಾಪುರದವರು. ಪ್ರಯೋಗಾಲಯದಿಂದ ಹೊರಬಿದ್ದರೆ ತುಳುವಿನಲ್ಲೇ ಮಾತು. ಅಖಿಲ ಭಾರತ ಪರೀಕ್ಷೆಯ ಮೂಲಕ ಪ್ರವೇಶ ನಡೆಯುವ ಪೆರಿಯದಲ್ಲಿ ಸಣ್ಣವಳ ಕೋಣೆಯಲ್ಲಿ ಮೂರು ರಾಜ್ಯದವರಿದ್ದರು. ಮೊದಲ ತಿಂಗಳುಗಳಲ್ಲಿ ಅವಳು ಫೋನಿನಲ್ಲಿ ಮಾತನಾಡಿದ್ದು ಕಡಿಮೆ. ಆಮೇಲೆ ಫೋನ್ ಮಾಡಲು ಅವಳಿಗೆ ಪುರುಸೊತ್ತೇ ಇರಲಿಲ್ಲ. ಯಾವ ಸಂಸ್ಥೆಯಲ್ಲಿ ಪಿಎಚ್‌.ಡಿ.ಗೆ ಯಾವಾಗ ಅರ್ಜಿ ಕರೆಯುತ್ತಾರೆ, ಬೇಸಗೆ ರಜೆಯಲ್ಲಿ ಎಲ್ಲಿ ಸಂಶೋಧನಾ ತರಬೇತಿ ಸಿಗುತ್ತದೆ ಎಂಬ ಸುದ್ದಿಗಳು ಅವಳಿಗೆ ಸಿಕ್ಕಿದ್ದು ಹಾಸ್ಟೆಲಿನ ಹುಡುಗಿಯರಿಂದ. ಎರಡು ವರ್ಷಗಳಿಗೆ ನಾನು ಕೊಟ್ಟ ಹಣಕ್ಕೆ ಸಿಕ್ಕ ಬೆಲೆ ಹೆಚ್ಚಾಗಿ ಇದರಲ್ಲಿದೆ.

ಆದರೆ ಊರಿನ ಪದವಿ ಕಾಲೇಜಿನಲ್ಲಿ ಪಾಠ ಮಾಡಬೇಕೆನ್ನುವವರಿಗೆ ನಾನು ಕೊಣಾಜೆಯನ್ನೇ ಹೇಳುತ್ತೇನೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಅದರ ಹಳೆಯ ವಿದ್ಯಾರ್ಥಿಗಳು ನಮ್ಮ ಎರಡು ಜಿಲ್ಲೆಗಳ ಕಾಲೇಜುಗಳಲ್ಲಿ ಎಲ್ಲೆಲ್ಲೂ ಇದ್ದಾರೆ. ದೊಡ್ಡವಳಿಗೆ ಕೆಲಸ ಖಾಲಿಯಿದೆ ಎಂಬ ಸುದ್ದಿ ತಲಪಿದ್ದು ಅಂಥ ಒಬ್ಬ ಮೇಡಮ್ಮಿನಿಂದ, ಜಾಹೀರಾತಿಗಿಂತ ಮೊದಲೇ. ಪೆರಿಯದಲ್ಲಿ ಓದಿದವಳಿಗೆ ಈ ಬಳಕೆ ಇಲ್ಲ.

ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾನಿಲಯ ಇವೆರಡಕ್ಕಿಂತ ಹೆಸರಾದದ್ದು. ಸೀಟು ಸಿಕ್ಕಿದ್ದರೆ ಕಳುಹಿಸುತ್ತಿದ್ದೆ, ಸಿಗಲಿಲ್ಲ. ಪುದುಚೇರಿಯನ್ನು ಊರಿಗೆ ಬಂದು ಹೋಗುವ ಖರ್ಚನ್ನು ನೋಡಿ ಪಟ್ಟಿಯಿಂದ ತೆಗೆದೆವು.

ಈ ವರ್ಷ ನನ್ನ ಅಣ್ಣನ ಮಗ ಅರ್ಜಿ ಹಾಕುತ್ತಿದ್ದಾನೆ. ಅವನಿಗೆ ಸಂಶೋಧನೆಯ ಆಸೆಯಿದೆ, ಮನೆ ಕಟಪಾಡಿಯಲ್ಲಿದೆ, ಅಣ್ಣನ ಕೈಯಲ್ಲಿ ಖಾಸಗಿ ವಿಶ್ವವಿದ್ಯಾನಿಲಯದ ಶುಲ್ಕ ಕಟ್ಟುವಷ್ಟು ಹಣವಿಲ್ಲ. ಪೆರಿಯವನ್ನು ಮೊದಲ ಆಯ್ಕೆಯಾಗಿ ಬರೆದು, ಕೊಣಾಜೆಯ ಅರ್ಜಿಯನ್ನೂ ಹಾಕಿಡು ಎಂದಿದ್ದೇನೆ. ಕೇಂದ್ರದ ಪಟ್ಟಿಯಲ್ಲಿ ತನ್ನ ಸಮುದಾಯದ ಕಾಗುಣಿತ ಹೇಗಿದೆ ಎಂದು ಅವನು ಈಗಾಗಲೇ ನೋಡಿಕೊಂಡಿದ್ದಾನೆ. ನಾಡಕಚೇರಿಗೆ ಏಪ್ರಿಲ್ ಮೊದಲ ವಾರ ಅವನ ಜೊತೆಗೆ ನಾನೂ ಹೋಗುವವನಿದ್ದೇನೆ.