ಆಪ್ ಹೇಳಿದ್ದು ಹದ್ದು, ಮರದಲ್ಲಿದ್ದದ್ದು ಭೀಮರಾಜ: 2 ವರ್ಷ ಬಳಸಿದ ಮೇಲೆ

ಸಾಗರದ ಹತ್ತಿರ ನಮ್ಮದು ಅಡಿಕೆ ತೋಟದ ಮನೆ. ಬೆಳಗ್ಗೆ 6ಕ್ಕೆ ಕಾಫಿ ಲೋಟ ಹಿಡಿದು ಜಗಲಿಗೆ ಬರುತ್ತೇನೆ. ಮೈಕ್ ತೋಟದ ಕಡೆ ಬರುವ ಹಾಗೆ ಫೋನನ್ನು ಕಟ್ಟೆ ಮೇಲಿಟ್ಟು, ಹಕ್ಕಿ ದನಿ ಗುರುತಿಸುವ ಆಪ್ ಆನ್ ಮಾಡುತ್ತೇನೆ. ಕಾಫಿ ಮುಗಿಯುವಷ್ಟರಲ್ಲಿ ಕುಟ್ರ ಹಕ್ಕಿ, ಪಿಕಳಾರ, ಮಡಿವಾಳ, ಸಿಂಪಿಗ ಎಲ್ಲ ಪರದೆಯಲ್ಲಿ ಬಂದಿರುತ್ತವೆ. ಹೊಸ ಹೆಸರು ಬಂದರೆ ಕಾಫಿ ಆರಿದ್ದೂ ಗೊತ್ತಾಗುವುದಿಲ್ಲ. ಆಪ್‌ಗೆ ದುಡ್ಡಿಲ್ಲ. ನಮ್ಮ ಕಡೆಯ ಹಕ್ಕಿಗಳ ಪ್ಯಾಕ್ ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕೂ ಬೇಡ. ನಮ್ಮಂಥ ಊರಿಗೆ ಇದು ದೊಡ್ಡ ಅನುಕೂಲ.

ಬೇಜಾರು ಬೇರೆಯದು. ಮೊದಲ ವರ್ಷ ಅದು ತೋರಿಸಿದ್ದನ್ನೆಲ್ಲ ನಂಬಿ ಪಟ್ಟಿ ಬರೆದೆ. ಒಂದು ದಿನ ಹಲಸಿನ ಮರದಿಂದ ಪನ್ನಗಾರಿ ಹದ್ದಿನ ಕೂಗು ಬಂತು. ಆಪ್ ಕೂಡ ಪನ್ನಗಾರಿ ಅಂತಲೇ ತೋರಿಸಿತು. ಅಷ್ಟು ದೊಡ್ಡ ಹಕ್ಕಿ ಇಷ್ಟು ಹತ್ತಿರವಾ ಅಂತ ಬರಿಗಾಲಲ್ಲೇ ಓಡಿದೆ. ಕೊಂಬೆಯಲ್ಲಿ ಕೂತಿದ್ದು ಭೀಮರಾಜ ಅನ್ನುವ ಕಪ್ಪು ಹಕ್ಕಿ. ಬಾಲದ ತಂತಿಯಂಥ ಎರಡು ಗರಿಗಳಲ್ಲಿ ಒಂದರ ತುದಿ ಉದುರಿತ್ತು. ನಾನು ನೋಡುತ್ತಿದ್ದಂತೆ ಕೊಕ್ಕು ತೆರೆಯಿತು, ಮತ್ತೆ ಅದೇ ಹದ್ದಿನ ಕೂಗು. ಕೈಯಲ್ಲಿದ್ದ ಫೋನಲ್ಲಿ ಪನ್ನಗಾರಿ ಹೆಸರು ಮತ್ತೆ ಹೊತ್ತಿಕೊಂಡಿತು. ಬೆನ್ನಿಗೇ ಹರಟೆಮಲ್ಲ ಹಕ್ಕಿಯ ಗಲಾಟೆ, ಅದೂ ಅದೇ ಗಂಟಲಿಂದ!

ಅವತ್ತು ಸಂಜೆ ಕೂತು, ಕಣ್ಣಾರೆ ಕಾಣದೆ ಬರೆದ 14 ಹೆಸರು ಹೊಡೆದುಹಾಕಿದೆ. ತುಂಬಾ ನೋವಾಯಿತು.

ಆದರೂ ಆಪ್ ತೆಗೆದುಹಾಕಲಿಲ್ಲ. ಕೂಗಿನ ಅನುಕರಣೆ ಅಷ್ಟು ಚೆನ್ನಾಗಿದ್ದರೆ ಪಾಪ ಅದೇನು ಮಾಡೀತು? ಈಗ ಹೊಸ ಹೆಸರು ಬಂದರೆ ಧ್ವನಿಮುದ್ರಣ ಉಳಿಸಿಕೊಂಡು, ಆಪ್‌ನಲ್ಲೇ ಇರುವ ಆ ಹಕ್ಕಿಯ ಬೇರೆ ಕೂಗುಗಳ ಜೊತೆ ಇಟ್ಟು ಕೇಳುತ್ತೇನೆ. ಒಂದೇ ಕೊಂಬೆಯಿಂದ ಸಾಲಾಗಿ ಮೂರ್ನಾಲ್ಕು ಹೆಸರು ಬಂದರೆ ಭೀಮರಾಜನನ್ನೋ ಎಲೆಹಕ್ಕಿಯನ್ನೋ ಹುಡುಕುತ್ತೇನೆ. ಎಲೆಹಕ್ಕಿಯೂ ಹೀಗೆ ಬೇರೆಯವರ ದನಿ ತೆಗೆಯುತ್ತದೆ. ಚಳಿಗಾಲಕ್ಕೆ ಬರುವ ಉಲಿಯಕ್ಕಿಯ ಹೆಸರು ಜೂನ್ ಮಳೆಯಲ್ಲಿ ಕಂಡರೆ ನಂಬುವುದಿಲ್ಲ. ಹಳೆಯ ಬೈನಾಕ್ಯುಲರ್ ಒಂದನ್ನು ₹3,500ಕ್ಕೆ ತಗೊಂಡೆ. ಫೋನಿಗಿಂತ ಅದಕ್ಕೇ ಈಗ ಕೆಲಸ ಜಾಸ್ತಿ. ಕಾಣದ ಹಕ್ಕಿಯ ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಹಾಕಿಡುತ್ತೇನೆ.

ಕಳೆದ ಚಳಿಗಾಲದಿಂದ ನವರಂಗ ಅನ್ನುವ ಹಕ್ಕಿಯ ಹೆಸರಿನ ಮುಂದೆ ಅಂಥ ಒಂದು ಚಿಹ್ನೆ ಇತ್ತು. ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಕೇಳುತ್ತಿತ್ತು, ಅಷ್ಟೇ. ಈ ನವೆಂಬರ್‌ನಲ್ಲಿ ಕಾಲುವೆ ಪಕ್ಕ ಒಣಗಿದ ಎಲೆ ಸರಸರ ಅಂದಿತು. ಬಗ್ಗಿ ನೋಡಿದರೆ ಹಸಿರು ಬೆನ್ನು, ಬಾಲದ ಕೆಳಗೆ ಕಡುಗೆಂಪು. ಒಂದೊಂದೇ ಎಲೆ ಮಗುಚಿ ಹುಳ ಹುಡುಕುತ್ತಿತ್ತು. ಒಳಗೆ ಬಂದು ಆ ಚಿಹ್ನೆ ಅಳಿಸಿದೆ.