ಅಂಗಳದಾಚೆಯ ಕೋಣೆಗೆ ವೈಫೈ: ನಾಲ್ಕು ದಾರಿಗಳ ಹೋಲಿಕೆ

ಶಿರಸಿ ಕಡೆಯ ನಮ್ಮ ತೋಟದ ಮನೆಗೂ ಅಡಿಕೆ ಸುಲಿಯುವ ಚಪ್ಪರದ ಪಕ್ಕ ಕಟ್ಟಿಸಿದ ಕೋಣೆಗೂ ನಡುವೆ ಹಗ್ಗ ಹಿಡಿದು ಅಳೆದರೆ 62 ಮೀಟರ್ ಅಂತರವಿದೆ. ನಡುವೆ ಅಂಗಳ ಮತ್ತು ಹಳೆಯ ಹಲಸಿನ ಮರ. ಎರಡೂ ಕಟ್ಟಡಗಳದ್ದು ಚಿರೆಕಲ್ಲಿನ ದಪ್ಪ ಗೋಡೆ. ಮನೆಗೆ ಬರುವ 100 ಎಂಬಿಪಿಎಸ್ ಸಂಪರ್ಕವನ್ನು ಆ ಕೋಣೆಗೆ ಮುಟ್ಟಿಸಲು ಎರಡು ವರ್ಷಗಳಲ್ಲಿ ನಾಲ್ಕು ದಾರಿಗಳನ್ನು ನೋಡಿದ್ದೇನೆ.

ಮೊದಲು ತಂದದ್ದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್, ಅಂದರೆ ರೂಟರಿನ ವೈಫೈ ಹಿಡಿದು ಮುಂದಕ್ಕೆ ಹರಡುವ ಯಂತ್ರ. ಕೋಣೆಯಲ್ಲಿ ಮೊಬೈಲಿನ ಗೆರೆಗಳೆಲ್ಲ ತುಂಬಿ ಕಾಣುತ್ತಿದ್ದರೂ ವೇಗ 8 ಎಂಬಿಪಿಎಸ್ ದಾಟಲಿಲ್ಲ, ಏಕೆಂದರೆ ಆ ಗೆರೆಗಳು ಹೇಳುವುದು ಮೊಬೈಲಿಗೂ ರಿಪೀಟರಿಗೂ ಇರುವ ನಂಟನ್ನೇ ಹೊರತು ರಿಪೀಟರಿಗೂ ರೂಟರಿಗೂ ಇರುವುದನ್ನಲ್ಲ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮರಳಿ ಹೇಳಬೇಕಾದ ಯಂತ್ರದಲ್ಲಿ ವೇಗ ಅರ್ಧಕ್ಕಿಳಿಯುವುದು ಹೇಗೂ ಹುಟ್ಟುಗುಣ.

ಎರಡನೆಯದು ಎರಡೂ ಸೂರುಗಳ ಮೇಲೆ ಎದುರುಬದುರಾಗಿ ನಿಲ್ಲಿಸುವ 5 ಗಿಗಾಹರ್ಟ್ಸ್ ಆಂಟೆನಾ ಜೋಡಿ. ಬೇಸಿಗೆಯಲ್ಲಿ 90ರ ಆಸುಪಾಸು ಸಿಗುತ್ತಿದ್ದ ವೇಗ ಜೂನ್ ತಿಂಗಳಲ್ಲಿ 30ಕ್ಕೆ ಇಳಿಯಿತು. ನಾನು ಮಳೆಯನ್ನು ಬೈದೆ, ತಪ್ಪು ಹಲಸಿನದಾಗಿತ್ತು. ಇಷ್ಟು ಹತ್ತಿರದಲ್ಲಿ ಸುರಿಯುವ ಮಳೆ ಈ ತರಂಗಗಳಿಗೆ ಲೆಕ್ಕಕ್ಕಿಲ್ಲ, ಆದರೆ ನೀರು ಹೊತ್ತ ಎಲೆಗಳು ಅವನ್ನು ಹೀರಿಕೊಳ್ಳುತ್ತವೆ. ಕಣ್ಣಿಗೆ ದಾರಿ ಕಂಡರೂ ಸಾಲದು, ನೇರ ಗೆರೆಯ ಸುತ್ತ ನಡುಭಾಗದಲ್ಲಿ ಸುಮಾರು ಒಂದು ಮೀಟರ್ ತೆರವು ಬೇಕು ಎಂದು ತಿಳಿದ ಮೇಲೆ ಕಂಬವನ್ನು ಎತ್ತರಿಸಿದೆ, ವೇಗವೂ ಮರಳಿತು. ಮರುವರ್ಷ ಮೇ ತಿಂಗಳ ಒಂದು ಸಂಜೆ ತೆಂಗಿನ ಮರಕ್ಕೆ ಬಡಿದ ಸಿಡಿಲು ಕಂಬದಿಂದಿಳಿದ ತಂತಿಯ ಮೂಲಕ ಅಡಾಪ್ಟರನ್ನೂ ರೂಟರಿನ ಒಂದು ಪೋರ್ಟನ್ನೂ ಸುಟ್ಟಿತು.

ಮೂರನೆಯದು ಕ್ಯಾಟ್ 6 ಎಂಬ ತಾಮ್ರದ ನೆಟ್‌ವರ್ಕ್ ಕೇಬಲ್. ಅದರ ಮಿತಿ 100 ಮೀಟರ್ ಆದ್ದರಿಂದ ಅಳತೆಯಲ್ಲಿ ಅಡ್ಡಿಯಿರಲಿಲ್ಲ. ಒಂದು ವಾರ ನೆಲದ ಮೇಲೆ ಹಾಸಿ ನೋಡಿದಾಗ ಪೂರ್ತಿ ವೇಗ ಬಂತು. ಆದರೆ ಬೇರೆ ಬೇರೆ ಅರ್ಥಿಂಗ್ ಇರುವ ಎರಡು ಕಟ್ಟಡಗಳನ್ನು ತಾಮ್ರದಿಂದ ಜೋಡಿಸಿದರೆ ಸಿಡಿಲಿಗೆ ನಾವೇ ಸೇತುವೆ ಕಟ್ಟಿಕೊಟ್ಟಂತೆ, ಹಾಗಾಗಿ ಸುತ್ತಿಟ್ಟೆ.

ಉಳಿದದ್ದು ಆಪ್ಟಿಕಲ್ ಫೈಬರ್. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ಎಂಬುದೊಂದೇ ಮಲೆನಾಡಿನಲ್ಲಿ ಸಾಕಾದ ಕಾರಣ. ಅದಕ್ಕೇ ಕೇಬಲ್ ಕೊಳ್ಳುವಾಗ ಬಲಕ್ಕೆಂದು ಉಕ್ಕಿನ ತಂತಿ ಸೇರಿಸಿದ್ದನ್ನು ಬಿಟ್ಟು ಲೋಹವಿಲ್ಲದ್ದನ್ನೇ ಕೇಳಬೇಕು. ಒಂದೂವರೆ ಅಡಿ ಕಾಲುವೆ ತೆಗೆದು, ಹೆಗ್ಗಣಗಳ ಭಯಕ್ಕೆ ಪೈಪಿನೊಳಗೆ ಎಳೆ ಹಾಯಿಸಿ, ತುದಿಗಳನ್ನು ಊರಿನ ಕೇಬಲ್ ಟಿವಿ ಹುಡುಗನಿಂದ ಬೆಸುಗೆ ಹಾಕಿಸಿದೆ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಕರೆಂಟಿನ ಸಂಕೇತವನ್ನು ಬೆಳಕಿಗೂ ಬೆಳಕನ್ನು ಮರಳಿ ಸಂಕೇತಕ್ಕೂ ಬದಲಿಸುವ ಪೆಟ್ಟಿಗೆ, ಸಿಕ್ಕಿಸಿದರೆ ಸಂಪರ್ಕ ತೋರಿಸುವ ದೀಪ ಹತ್ತಲಿಲ್ಲ. ಒಂದೇ ಎಳೆಯಲ್ಲಿ ಎರಡೂ ದಿಕ್ಕಿನ ಮಾತು ನಡೆಯಲು ಒಂದು ಕನ್ವರ್ಟರ್ 1310 ನ್ಯಾನೊಮೀಟರ್ ತರಂಗಾಂತರದಲ್ಲಿ, ಇನ್ನೊಂದು 1550ರಲ್ಲಿ ಬೆಳಕು ಕಳಿಸಬೇಕು. ಅಂಗಡಿಯವರು ಎರಡೂ ‘ಎ’ ಗುರುತಿನವನ್ನೇ ಕಟ್ಟಿಕೊಟ್ಟಿದ್ದರು. ಒಂದನ್ನು ‘ಬಿ’ಗೆ ಬದಲಿಸಿ ತಂದ ದಿನದಿಂದ ಮಳೆಗಾಲ, ಬೇಸಿಗೆ ಎನ್ನದೆ ವೇಗ 95ರ ಮೇಲೆಯೇ ಇದೆ. ನಾಲ್ಕರಲ್ಲಿ ಹೆಚ್ಚು ಖರ್ಚಾದದ್ದು ಇದಕ್ಕೇ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕಾಲುವೆ ತೆಗೆದವರ ಕೂಲಿ.

ನಡುವೆ ಹಳ್ಳವೋ ಪರರ ಜಮೀನೋ ಇದ್ದು ನೆಲ ಅಗೆಯಲಾಗದವರಿಗೆ ಆಂಟೆನಾ ಜೋಡಿಯನ್ನೇ ಹೇಳುತ್ತೇನೆ. ಗುಡುಗು ಕೇಳಿದೊಡನೆ ಪ್ಲಗ್ ಕೀಳುವ ಕೆಲಸ ಮಾತ್ರ ಫೈಬರ್ ಬಂದ ಮೇಲೂ ತಪ್ಪಿಲ್ಲ, ಕನ್ವರ್ಟರಿಗೆ ಕರೆಂಟ್ ಬರುವುದು ಲೋಹದ ತಂತಿಯಲ್ಲೇ ತಾನೆ.