ಹಳೇ ಕಾರಿನ ಡೋರ್ ಪ್ಯಾಡ್ ಬಿಚ್ಚಿಸುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಹಳೇ ಫಿಯಟ್, ಅಂಬಾಸಿಡರ್ ಇಟ್ಟುಕೊಂಡವರು ದಯವಿಟ್ಟು ಎರಡು ನಿಮಿಷ ಕೊಡಿ. ನಮ್ಮಪ್ಪನ ಪ್ರೀಮಿಯರ್ ಪದ್ಮಿನಿಗೆ ಆದದ್ದು ನಿಮ್ಮ ಕಾರಿಗೆ ಆಗಬಾರದು.

ಡ್ರೈವರ್ ಕಡೆಯ ಗ್ಲಾಸ್ ಅರ್ಧಕ್ಕೆ ನಿಂತುಬಿಟ್ಟಿತ್ತು. ಗ್ಲಾಸ್ ಏರಿಸಿ ಇಳಿಸುವ ಒಳಗಿನ ಮೆಷಿನ್ ನೋಡಬೇಕೆಂದರೆ ಡೋರ್ ಪ್ಯಾಡ್, ಅಂದರೆ ಡೋರಿನ ಒಳಬದಿಯ ಹೊದಿಕೆ, ಬಿಚ್ಚಲೇಬೇಕು. ಮನೆ ಹತ್ತಿರದ ಗ್ಯಾರೇಜಿಗೆ ಬಿಟ್ಟೆ. ಅಲ್ಲಿನ ಹುಡುಗನ ಕೈ ಪಳಗಿದ್ದು ಮಾರುತಿ 800ರಲ್ಲಿ. ಅದರಲ್ಲಿ ಗ್ಲಾಸ್ ಹ್ಯಾಂಡಲ್ ಹಿಂದೆ ತಂತಿಯ ಕ್ಲಿಪ್ ಇರುತ್ತದೆ. ಬಟ್ಟೆ ತೂರಿಸಿ ಆಚೆ ಈಚೆ ಉಜ್ಜಿ ಎಳೆದರೆ ಕ್ಲಿಪ್ ಹಾರಿ ಬರುತ್ತದೆ. ಇಲ್ಲೂ ಹಾಗೇ ಎಳೆದ. ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದ. ನಾನು ಟೀ ಕುಡಿದು ಬರುವಷ್ಟರಲ್ಲಿ ಹ್ಯಾಂಡಲ್ ಬುಡದಲ್ಲೇ ಸೀಳಿತ್ತು.

ನಮ್ಮ ಕಾರಿನ ಹ್ಯಾಂಡಲ್ ಹಿಂದೆ ಕ್ಲಿಪ್ಪೇ ಇರಲಿಲ್ಲ. ಇದ್ದದ್ದು ಬೆಂಕಿಕಡ್ಡಿ ದಪ್ಪದ ಒಂದು ಪಿನ್. ಹ್ಯಾಂಡಲ್ ಹಿಂದಿನ ದುಂಡು ಬಿಲ್ಲೆಯನ್ನು ಡೋರ್ ಕಡೆಗೆ ಒತ್ತಿ ಹಿಡಿದರೆ, ಹ್ಯಾಂಡಲಿನ ಕತ್ತಿನಲ್ಲಿ ಅಡ್ಡಕ್ಕೆ ಆ ಪಿನ್ ಕಾಣುತ್ತದೆ. ಹಿಂದಿನಿಂದ ಸ್ಪ್ರಿಂಗ್ ತಳ್ಳುತ್ತಿರುವುದರಿಂದ ಬಿಲ್ಲೆ ಅದನ್ನು ಸದಾ ಮುಚ್ಚಿಕೊಂಡಿರುತ್ತದೆ. ಒಬ್ಬರು ಬಿಲ್ಲೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಸಣ್ಣ ಮೊಳೆಯಿಂದ ಪಿನ್ ತಳ್ಳಬೇಕು. ಅಷ್ಟೇ ಕೆಲಸ. ಇನ್ನು ಕೆಲವು ಕಾರುಗಳಲ್ಲಿ ಹ್ಯಾಂಡಲ್ ನಡುವೆ ಸ್ಕ್ರೂ ಇರುತ್ತದೆ. ಯಾವುದು ಎಂದು ಟಾರ್ಚ್ ಹಾಕಿ ನೋಡದೆ ಯಾರಿಗೂ ಮೀಟಲು ಬಿಡಬೇಡಿ.

ಅಲ್ಲಿಗೇ ಮುಗಿಯಲಿಲ್ಲ. ಆ ಹುಡುಗ ಪ್ಯಾಡಿನ ಮೇಲ್ತುದಿ ಹಿಡಿದು ಎರಡೂ ಕೈಯಲ್ಲಿ ಎಳೆದ. ಪ್ಯಾಡ್ ಅಂದರೆ ಒಳಗೆ ಹಾರ್ಡ್‌ಬೋರ್ಡ್, ಮೇಲೆ ರೆಕ್ಸಿನ್. ಗ್ಲಾಸ್ ಸಂದಿಯಿಂದ ಮಳೆನೀರು ಡೋರ್ ಒಳಗೆ ಇಳಿಯುವುದು ಸಹಜ, ಕೆಳಗಿನ ತೂತುಗಳಿಂದ ಅದು ಹೊರಗೆ ಹೋಗಬೇಕು. ನಮ್ಮದರಲ್ಲಿ ಆ ತೂತುಗಳು ಮಣ್ಣಿನಿಂದ ಮುಚ್ಚಿದ್ದವು. ಪ್ಯಾಡ್ ಹಿಂದೆ ಇರಬೇಕಿದ್ದ ಪ್ಲಾಸ್ಟಿಕ್ ಹಾಳೆ ಯಾವಾಗಲೋ ಹೋಗಿತ್ತು. ಬೋರ್ಡ್ ನೀರು ಕುಡಿದು ಮೆತ್ತಗಾಗಿತ್ತು. ಎಳೆದ ಏಟಿಗೆ ಪ್ಯಾಡನ್ನು ಡೋರಿಗೆ ಹಿಡಿದಿಡುವ ಕ್ಲಿಪ್‌ಗಳು ಡೋರಿನಲ್ಲೇ ಉಳಿದವು, ಬೋರ್ಡಿನ ತೂತುಗಳು ಹರಿದವು. ರೆಕ್ಸಿನ್ ಹಪ್ಪಳದ ಹಾಗೆ ಬಿರಿಯಿತು.

"ಹಳೇದು ಸಾರ್, ಇವತ್ತಲ್ಲ ನಾಳೆ ಹೋಗೋದೇ" ಅಂದರು ಗ್ಯಾರೇಜಿನವರು. ಆ ಮಾತೇ ಜಾಸ್ತಿ ನೋವು ಕೊಟ್ಟಿತು. ಹೋಗುವುದಾಗಿದ್ದರೆ ಅಪ್ಪ ಇಷ್ಟು ವರ್ಷ ಉಳಿಸಿಕೊಳ್ಳುತ್ತಿದ್ದರಾ? ಈ ಕಾರು ತಯಾರಾಗುವುದು ನಿಂತು 20 ವರ್ಷ ದಾಟಿದೆ. ಒಂದು ಹ್ಯಾಂಡಲ್‌ಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಂದು ಎರಡು ವಾರ ಅಲೆದೆ.

ಉಳಿದ ಮೂರು ಡೋರ್‌ಗಳನ್ನು ನಾನೂ ತಮ್ಮನೂ ಮನೆಯಲ್ಲೇ ಬಿಚ್ಚಿದೆವು. ರೆಕ್ಸಿನ್ ಸ್ವಲ್ಪ ಮೆತ್ತಗಾಗಲಿ ಎಂದು ಕಾರನ್ನು ಮೊದಲು ಬಿಸಿಲಲ್ಲಿ ನಿಲ್ಲಿಸಿದೆವು. ಆರ್ಮ್‌ರೆಸ್ಟಿನ ಸ್ಕ್ರೂಗಳು ಕೆಳಗಿನಿಂದ ಇದ್ದವು, ಬಗ್ಗಿ ನೋಡದಿದ್ದರೆ ಕಾಣುವುದೇ ಇಲ್ಲ. ಆಮೇಲೆ ಮರದ ಸಟ್ಟುಗದ ಅಂಚು ಉಜ್ಜಿ ತೆಳ್ಳಗೆ ಮಾಡಿ, ಬಟ್ಟೆ ಸುತ್ತಿ, ಪ್ಯಾಡಿನ ಅಂಚಿನಲ್ಲಿ ಮೆಲ್ಲಗೆ ಜಾರಿಸಿದೆವು. ಎಲ್ಲಿ ತಡೆಯುತ್ತದೋ ಅಲ್ಲಿ ಕ್ಲಿಪ್ ಇದೆ ಎಂದರ್ಥ. ಅದರ ಪಕ್ಕದಲ್ಲೇ ಮೀಟಬೇಕು, ಎರಡು ಕ್ಲಿಪ್‌ಗಳ ನಡುವೆ ಅಲ್ಲ. ಒಂದೊಂದೇ 'ಟಕ್' ಎಂದು ಬಿಡುತ್ತಾ ಬರುತ್ತದೆ. ಒಂದು ಡೋರಿಗೆ ಒಂದು ಗಂಟೆ ಹಿಡಿಯಿತು, ಹಿಡಿಯಲಿ.

ಹಿಂದಿನ ಡೋರಿನ ಬಿಲ್ಲೆ ತೆಗೆದಾಗ ಅದರಡಿ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ವೃತ್ತ. ಗಾಢ ಮರೂನ್. ಸುತ್ತಲಿನ ರೆಕ್ಸಿನ್ ಮಾಸಿ ಇಟ್ಟಿಗೆ ಬಣ್ಣವಾಗಿದೆ. ಕಾರು ಮನೆಗೆ ಬಂದಾಗ ಹೀಗಿತ್ತು ಅಲ್ವಾ ಎಂದು ಇಬ್ಬರೂ ಸುಮ್ನೆ ನೋಡುತ್ತಾ ಕೂತೆವು.

ರೂಫ್ ಲೈನಿಂಗ್ ಬಿಚ್ಚಿಸುವವರು ಅದನ್ನು ಎತ್ತಿ ಹಿಡಿಯುವ ಒಳಗಿನ ಕಂಬಿಗಳಿಗೆ ಮುಂದಿನಿಂದ ಹಿಂದಕ್ಕೆ ನಂಬರ್ ಬರೆದಿಡಿ. ಒಂದರ ಬಾಗು ಇನ್ನೊಂದಕ್ಕೆ ಇರುವುದಿಲ್ಲ. ಮತ್ತೆ, ಮುರಿದದ್ದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ನಮ್ಮ ಹರಿದ ಬೋರ್ಡನ್ನೇ ಹೊಸ ಹಾರ್ಡ್‌ಬೋರ್ಡ್ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇವೆ, ಭಾನುವಾರ ಕತ್ತರಿಸಬೇಕು.